ಲಗ್ನದ ಕ್ಯಾಮೆರಾ ಹೊಲಕ್ಕೆ ಬಂದಾಗ

ಹಳ್ಳಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟವರ ಕೈಯಿಂದ ಕ್ಯಾಮೆರಾ ಬಿಟ್ಟುಹೋಗುವುದು ಕಡಿಮೆ. ಅರಿಷಿಣ, ಸುರಗಿ, ಅಕ್ಕಿಕಾಳು, ಊಟದ ಪಂಕ್ತಿ, ಹೆಣ್ಣು ಒಪ್ಪಿಸುವಾಗಿನ ಅಳು, ಇಷ್ಟನ್ನೂ ತೆಗೆದು, ಮಿಕ್ಸಿಂಗ್ ಮುಗಿಸಿ, ಪೆನ್‌ಡ್ರೈವ್ ಕೊಟ್ಟು, ಬಾಕಿ ವಸೂಲಿಗೆ ತಿರುಗುವಷ್ಟರಲ್ಲಿ ಮುಂದಿನ ಮುಹೂರ್ತ ಬಂದಿರುತ್ತದೆ. ಈ ಓಡಾಟದಲ್ಲಿ ತಪ್ಪಿಹೋಗುವುದು ನಮ್ಮ ಸ್ವಂತದ ವಿಡಿಯೊ: ಯಾರೂ ಹೇಳದೆ, ಯಾರೂ ದುಡ್ಡು ಕೊಡದೆ, ನಮಗೇ ಬೇಕೆನಿಸಿ ಮಾಡುವಂಥದ್ದು.

ನನ್ನದು ಕುಂದಗೋಳ ತಾಲ್ಲೂಕಿನ ಗುಡಗೇರಿ. ಭುಜದ ಮೇಲೆ ಪ್ಯಾನಸಾನಿಕ್ ಎಂಡಿ 10000 ಹೊತ್ತು, ಹಿಂದೆ ಹ್ಯಾಲೊಜನ್ ಲೈಟ್ ಹಿಡಿದ ಹುಡುಗನನ್ನು ಕಟ್ಟಿಕೊಂಡು ಲಗ್ನ ತೆಗೆದ ಕಾಲದವನು. ಬಹಳ ವರ್ಷ ಬಿಟ್ಟು ಸ್ವಂತ ವಿಡಿಯೊಗೆ ಮರಳಿದ್ದೇನೆ, ಈ ಸಲ ಬಹುಪಾಲು ಫೋನಿನಲ್ಲೇ. ಮರಳುವಾಗ ಕಲಿತದ್ದನ್ನು ಸುತ್ತಲಿನ ಊರುಗಳ ಸ್ಟುಡಿಯೊದವರಿಗೂ ಫೋನು ಹಿಡಿದ ಹುಡುಗ ಹುಡುಗಿಯರಿಗೂ ಹೇಳಬೇಕೆನಿಸಿ ಬರೆದಿದ್ದೇನೆ. ವಿಷಯವಾಗಲಿ, ಆ್ಯಪ್ ಆಗಲಿ, ಮೈಕ್ ಆಗಲಿ, ನಾನು ಅಳೆಯುವುದು ಒಂದೇ ಕೋಲಿನಿಂದ: ಇದರಿಂದ ವಿಡಿಯೊ ಮುಗಿಯುತ್ತದೆಯೇ? ಶುರುವಾಗಿ ನಿಂತ ವಿಡಿಯೊಗಳಿಗೇನು, ಪ್ರತಿ ಮನೆಯ ಫೋನಿನಲ್ಲೂ ರಾಶಿ ಬಿದ್ದಿವೆ.

1. ಮೊದಲನೆಯದು ಒಂದು ನಿಮಿಷದ್ದಿರಲಿ, ಮನೆಯೊಳಗಿನದ್ದೇ ಇರಲಿ

ಮರಳಿ ಬರುವವನ ತಲೆಗೆ ಮೊದಲು ಹೊಳೆಯುವುದು ದೊಡ್ಡ ವಿಷಯ. ನಮ್ಮೂರಿಗೂ ಅಂಥದ್ದೊಂದಿದೆ. 1076-77ರ ಗುಡಿಗೆರೆ ಶಾಸನ ಇತಿಹಾಸ ಓದಿದವರಿಗೆ ಗೊತ್ತು. ಪುರಿಗೆರೆಯಲ್ಲಿ, ಅಂದರೆ ಇವತ್ತಿನ ಲಕ್ಷ್ಮೇಶ್ವರದಲ್ಲಿ, ಚಾಲುಕ್ಯ ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿ ಕಟ್ಟಿಸಿದ ಆನೆಸೆಜ್ಜೆ ಬಸದಿಯ ಮಾತು ಅದರಲ್ಲಿ ಬರುತ್ತದೆ. ಸಿನಿಮಾ ಮಾಡುವಂಥ ವಿಷಯ ಖರೆ. ಅದಕ್ಕೇ ಅದನ್ನು ಮೊದಲು ಎತ್ತಿಕೊಳ್ಳಬಾರದು. ಶಾಸನ ಬಲ್ಲವರನ್ನು ಹುಡುಕಬೇಕು, ಲಕ್ಷ್ಮೇಶ್ವರಕ್ಕೆ ಹೋಗಬೇಕು, ಅನುಮತಿ ಕೇಳಬೇಕು, ಹಿನ್ನೆಲೆ ಮಾತು ಬರೆಯಬೇಕು. ಅಷ್ಟರಲ್ಲಿ ಮತ್ತೊಂದು ಲಗ್ನದ ಸೀಸನ್ ಬಂದು, ಕಂಪ್ಯೂಟರಿನಲ್ಲಿ ‘ಶಾಸನ’ ಎಂಬ ಹೆಸರಿನ ಫೋಲ್ಡರ್ ಒಂದೇ ಉಳಿಯುತ್ತದೆ.

ನಾನು ಹಿಡಿದದ್ದು ಜೋಳದ ರೊಟ್ಟಿ. ಮನೆಯಲ್ಲೇ ದಿನಾ ನಡೆಯುವ ಕೆಲಸ, ಅದಕ್ಕೆ ತನ್ನದೇ ಸದ್ದಿದೆ, ಶುರು ಮತ್ತು ಕೊನೆ ಎರಡೂ ಇವೆ. ಟಿವಿ ವರದಿಗಾರರಿಗೆ ಕಲಿಸುವ ಐದು ಶಾಟಿನ ಪದ್ಧತಿ ಇಲ್ಲಿ ಚೆನ್ನಾಗಿ ಕೂಡುತ್ತದೆ: ಕೆಲಸ ಮಾಡುವ ಕೈ, ಮಾಡುವವರ ಮುಖ, ದೂರದಿಂದ ಇಡೀ ಅಡುಗೆಮನೆ, ಅವರ ಹೆಗಲ ಮೇಲಿನಿಂದ ಕಾಣುವ ಕೊಣಮಿಗೆ. ಐದನೆಯದು ನಿಮ್ಮ ಖುಷಿ. ನಾನು ಹಂಚಿನ ಮೇಲೆ ನೀರು ಸವರುವ ಬಟ್ಟೆಯನ್ನು ತೆಗೆದೆ. ಪ್ರತಿಯೊಂದನ್ನೂ ಕೈ ಅಲುಗದಂತೆ ಹತ್ತು ಸೆಕೆಂಡ್ ಹಿಡಿಯಬೇಕು, ನಡುವೆ ಝೂಮ್ ಕೂಡದು. ಲಗ್ನ ತೆಗೆದು ಪಳಗಿದ ಕೈಗೆ ಇದೇ ಕಷ್ಟ. ಮಂಟಪದಲ್ಲಿ ಎಡದಿಂದ ಬಲಕ್ಕೆ ಕ್ಯಾಮೆರಾ ಓಡಿಸಿ ಎಲ್ಲ ಬೀಗರನ್ನೂ ಹಿಡಿಯುವುದು ನಮ್ಮ ಹೊಟ್ಟೆಪಾಡು. ಒಬ್ಬ ಚಿಕ್ಕಪ್ಪ ಬಿಟ್ಟುಹೋದರೂ ಬಾಕಿ ಹಣ ಬರುವುದಿಲ್ಲ. ರೊಟ್ಟಿಗೆ ಬೀಗರಿಲ್ಲ. ನಿಂತು ನೋಡಬಹುದು.

ಆ ಐದು ತುಣುಕು ಜೋಡಿಸಿ, ಅದೇ ರಾತ್ರಿ ಮುಗಿಸಿ, ಮನೆಯವರಿಗೆ ತೋರಿಸಿ. ಮರುದಿನಕ್ಕೆ ಇಟ್ಟರೆ ಅದೂ ರಾಶಿಗೆ ಸೇರುತ್ತದೆ.

2. ಕುಂದಗೋಳದ ಪಾಠ

ನಮ್ಮೂರ ಮೇಲೆ ಹಾಯ್ದುಹೋಗುವ ರೈಲು ದಾರಿ ಇದೆಯಲ್ಲ, ಅದೇ ದಾರಿಯಲ್ಲಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಸಂಗೀತ ಕಲಿಯಲು ಬಂದುಹೋಗುತ್ತಿದ್ದರು. ಗುರು ಸವಾಯಿ ಗಂಧರ್ವರು ಒಂದು ಸ್ವರದ ಎಳೆ ಕೂಡುವ ತನಕ ಅದನ್ನೇ ಹಾಡಿಸುತ್ತಿದ್ದರು, ಮುಂದಿನದನ್ನು ಸುಲಭಕ್ಕೆ ಕೊಡುತ್ತಿರಲಿಲ್ಲ. ಭೀಮಸೇನ ಜೋಶಿಯವರೂ ಅದೇ ಊರಲ್ಲಿ ಅದೇ ಗುರುವಿನ ಬಳಿ ಕಲಿತವರು.

ವಿಡಿಯೊಗೂ ಇದನ್ನು ತರಬಹುದು. ರೊಟ್ಟಿಯನ್ನೇ ಇನ್ನೊಮ್ಮೆ ತೆಗೆಯಿರಿ, ಈ ಸಲ ಮುಖ ತೋರಿಸದೆ. ಮತ್ತೊಮ್ಮೆ ಬರೀ ಕಿಟಕಿಯ ಬೆಳಕಿನಲ್ಲಿ. ಹೊಸ ವಿಷಯ ಹುಡುಕುವುದರಲ್ಲೇ ದಿನ ಕಳೆಯುವವರಿಗಿಂತ ಒಂದೇ ವಿಷಯವನ್ನು ತಿರುಗಿ ತೆಗೆಯುವವರ ಕೈ ಬೇಗ ಕೂಡುತ್ತದೆ.

3. ಪಂಚಾಂಗವನ್ನು ಫೋನಿಗೆ ಇಳಿಸಿ

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಆ್ಯಪ್ ಗೂಗಲ್ ಕ್ಯಾಲೆಂಡರ್. ಫೋನಿನ ಜೊತೆಗೇ ಬಂದಿರುತ್ತದೆ, ಯಾರೂ ತೆರೆಯುವುದಿಲ್ಲ.

ನಮ್ಮ ಕಡೆ ತೆಗೆಯಬೇಕಾದದ್ದೆಲ್ಲ ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ಕಾರಹುಣ್ಣಿಮೆಗೆ ಎತ್ತಿನ ಓಟ, ಅದಾದ ಮೇಲೆ ಮಣ್ಣೆತ್ತಿನ ಅಮವಾಸಿ, ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕೂತು ಮನೆಮನೆಗೆ ಬರುವ ಜೋಕುಮಾರ, ಸೀಗಿ ಹುಣ್ಣಿಮೆ, ಎಳ್ಳಮವಾಸಿಗೆ ಹೊಲದಲ್ಲಿ ಚರಗ, ಹೋಳಿಗೆ ನವಲಗುಂದದ ರಾಮಲಿಂಗ ಕಾಮಣ್ಣ. ಅಂದು ಬೆಳಿಗ್ಗೆ ನೆನಪಾದರೆ ಫೋನಿನಲ್ಲಿ ಚಾರ್ಜ್ ಇರುವುದಿಲ್ಲ, ಇದ್ದರೆ ಜಾಗ ಇರುವುದಿಲ್ಲ. ಮತ್ತೆ ಒಂದು ವರ್ಷ ಕಾಯಬೇಕು.

ಯುಗಾದಿಗೆ ಹೊಸ ಪಂಚಾಂಗ ಮನೆಗೆ ಬಂದ ದಿನ ಒಂದು ತಾಸು ಕೂತು, ಈ ಹುಣ್ಣಿಮೆ ಅಮವಾಸಿಗಳ ತಾರೀಕುಗಳನ್ನೆಲ್ಲ ಕ್ಯಾಲೆಂಡರಿಗೆ ಹಾಕಿಬಿಡಿ. ಪ್ರತಿಯೊಂದಕ್ಕೂ ಎರಡು ನೆನಪೋಲೆ ಇಡಿ, ಒಂದು ವಾರ ಮೊದಲು ಒಂದು, ಹಿಂದಿನ ಸಂಜೆ ಒಂದು. ವಾರ ಮೊದಲಿನದು ಜನರನ್ನು ಕೇಳಲಿಕ್ಕೆ, ಹಿಂದಿನ ಸಂಜೆಯದು ಚಾರ್ಜರಿಗೆ. ಬೆಳೆಯ ಲೆಕ್ಕವನ್ನೂ ಹೀಗೆಯೇ ಬರೆದಿಡಬಹುದು: ಶ್ರಾವಣ ಭಾದ್ರಪದದ ಹೊತ್ತಿಗೆ ಹೆಸರು ಬಿಡಿಸುವುದು, ಹಿಂಗಾರಿಗೆ ಕಡ್ಲಿ ಬಿತ್ತುವುದು, ಚಳಿಗಾಲದಲ್ಲಿ ಮೆಣಸಿನಕಾಯಿ ಹರಿಯುವುದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ನವಲಗುಂದದ ಜಮಖಾನಕ್ಕೂ ಅದೇ ವರ್ಷ. ಹೆಸರು ಊರೂರಿಗೆ ಹೋಗಿದೆ. ಬಗ್ಗಿ ಕಾಯಿ ಹರಿಯುವವರ ಬೆನ್ನನ್ನೂ ಮಗ್ಗದ ಮುಂದೆ ಕೂತ ಹೆಣ್ಣುಮಕ್ಕಳ ಬೆರಳನ್ನೂ ಪುರುಸೊತ್ತಿನಿಂದ ತೋರಿಸಿದ ವಿಡಿಯೊ ಇನ್ನೂ ಎಷ್ಟು ಬಂದರೂ ಕಡಿಮೆಯೇ.

4. ಬೇಕಾದ ಆ್ಯಪ್ ನಾಲ್ಕೈದೇ

‘ಕೆಲಸ ಹೆಚ್ಚಿಸುವ’ ಆ್ಯಪ್‌ಗಳ ದೊಡ್ಡ ಸಂತೆಯೇ ಇದೆ. ನಾನೂ ಸುತ್ತಿ ಬಂದಿದ್ದೇನೆ. ಟ್ರೆಲ್ಲೊ, ನೋಷನ್ ಇವೆಲ್ಲ ನಾಲ್ಕು ಜನ ಕೂಡಿ ಮಾಡುವ ಕಚೇರಿ ಕೆಲಸಕ್ಕೆ ಸರಿ. ಒಬ್ಬನೇ ತೆಗೆದು, ಒಬ್ಬನೇ ಜೋಡಿಸಿ, ನಡುವೆ ಪಾಸ್‌ಪೋರ್ಟ್ ಫೋಟೊಕ್ಕೆ ಬಂದವರನ್ನೂ ಕೂರಿಸಬೇಕಾದವನಿಗೆ ಅವುಗಳ ಪಟ್ಟಿ ಚಂದ ಮಾಡುವುದೇ ಒಂದು ಉದ್ಯೋಗ. ನನ್ನ ಬಳಿ ಉಳಿದವು ಇವು.

ಗೂಗಲ್ ಕೀಪ್. ಹೊಳೆದದ್ದನ್ನು ಬರೆಯಲು, ಶಾಟಿನ ಪಟ್ಟಿಗೆ ಟಿಕ್ ಹಾಕಲು. ನೆಟ್ ಇಲ್ಲದ ಹೊಲದಲ್ಲೂ ತೆರೆಯುತ್ತದೆ. ಒಂದು ವಿಡಿಯೊಕ್ಕೆ ಒಂದೇ ಚೀಟಿ. ವಿಡಿಯೊ ಮುಗಿದರೆ ಚೀಟಿ ಆರ್ಕೈವ್‌ಗೆ. ಪರದೆಯ ಮೇಲೆ ಮೂರಕ್ಕಿಂತ ಹೆಚ್ಚು ಚೀಟಿ ಕಂಡರೆ ಹೊಸದು ಶುರು ಮಾಡುವುದಿಲ್ಲ ಎಂಬ ನಿಯಮ ಹಾಕಿಕೊಂಡಿದ್ದೇನೆ.

ಜಿಬೋರ್ಡಿನ ಕನ್ನಡ ಧ್ವನಿ ಬರಹ. ಬೈಕ್ ನಿಲ್ಲಿಸಿ ಮಾತಾಡಿದರೆ ಬರೆದುಕೊಳ್ಳುತ್ತದೆ. ‘ಮಾಡ್ತೀನ್ರಿ’ ಅಂದರೆ ಮಾತ್ರ ತಡವರಿಸುತ್ತದೆ, ಸ್ವಲ್ಪ ಪುಸ್ತಕದ ಕನ್ನಡದಲ್ಲಿ ಹೇಳಬೇಕು. ಟಿಪ್ಪಣಿಗೆ ಅಷ್ಟು ಸಾಕು. ಹಿನ್ನೆಲೆ ಮಾತನ್ನು ಮಾತ್ರ ಇದರಿಂದಾಗಲಿ ಎಐನಿಂದಾಗಲಿ ಬರೆಸಬೇಡಿ. ವಾರ್ತೆ ಓದಿದ ಹಾಗೆ ಬರುತ್ತದೆ. ಯೂಟ್ಯೂಬಿನಲ್ಲಿ ಶಿವಪುತ್ರ ಯಶಾರಧಾ, ಮಲ್ಲು ಜಮಖಂಡಿ ಇವರನ್ನು ಜನ ನೋಡಿದ್ದು ಈ ಕಡೆಯ ಮಾತನ್ನು ನಾಚದೆ ಆಡಿದ್ದಕ್ಕೆ. ಡಾಕ್ಟರ್ ಬ್ರೋ ದೂರದ ದೇಶದಲ್ಲಿ ನಿಂತು ಮಾತಾಡುವಾಗಲೂ ಮನೆಯ ಕಟ್ಟೆಯ ಮೇಲೆ ಕೂತವರ ಧಾಟಿಯೇ. ನಿಮ್ಮ ಮಾತು ನಿಮ್ಮ ಬಾಯಿಂದಲೇ ಬರಲಿ.

ಜೋಡಿಸಲು ವಿಎನ್ ಅಥವಾ ಕೈನ್‌ಮಾಸ್ಟರ್, ಯಾವುದಾದರೂ ಒಂದು. ಕೈನ್‌ಮಾಸ್ಟರ್ ದುಡ್ಡು ಕೊಡದಿದ್ದರೆ ತನ್ನ ಮುದ್ರೆ ಒತ್ತುತ್ತದೆ, ವಿಎನ್ ಒತ್ತುವುದಿಲ್ಲ. ಕಂಪ್ಯೂಟರ್ ಗಟ್ಟಿ ಇದ್ದವರಿಗೆ ಡಾವಿಂಚಿ ರಿಸಾಲ್ವ್ ಬಿಟ್ಟಿಯಾಗಿ ಸಿಗುತ್ತದೆ, ಬಣ್ಣ ತಿದ್ದಲು ಅದರಷ್ಟು ಒಳ್ಳೆಯದು ಕಡಿಮೆ. ಎಡಿಯಸ್‌ನಲ್ಲಿ ಲಗ್ನ ಮಿಕ್ಸಿಂಗ್ ಮಾಡಿದವರಿಗೆ ಅದೇ ಸಾಕು. ಹೂವು ಉದುರುವ, ಹೃದಯ ತಿರುಗುವ ಎಫೆಕ್ಟುಗಳಿಗೆ ಕೈ ಹೋಗದಂತೆ ನೋಡಿಕೊಂಡರಾಯಿತು.

ಇನ್ನೊಂದು, ಆಂಡ್ರಾಯ್ಡ್ ಫೋನಿನಲ್ಲೇ ಇರುವ ಡಿಜಿಟಲ್ ವೆಲ್‌ಬೀಯಿಂಗ್. ಜೋಡಿಸಲು ಕೂತಾಗ ಅದರ ಫೋಕಸ್ ಮೋಡ್ ಹಾಕಿ ರೀಲ್ಸ್, ವಾಟ್ಸ್‌ಆ್ಯಪ್ ಎರಡನ್ನೂ ಮುಚ್ಚುತ್ತೇನೆ. ಮಂದಿ ಮಾಡಿದ ವಿಡಿಯೊ ನೋಡುವ ಫೋನಿನಲ್ಲೇ ನಮ್ಮ ವಿಡಿಯೊ ಮಾಡಬೇಕಾಗಿ ಬಂದಿರುವುದು ಈ ಕಾಲದ ದೊಡ್ಡ ತೊಡಕು. ಟೇಪಿನ ಕ್ಯಾಮೆರಾಕ್ಕೆ ಆ ರೋಗ ಇರಲಿಲ್ಲ.

5. ಯರಿ ಮಣ್ಣು ಫೋನಿಗೆ ಮೋಸ ಮಾಡುತ್ತದೆ

ಫೋನಿನ ಕ್ಯಾಮೆರಾ ಕಂಡದ್ದನ್ನೆಲ್ಲ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ನಮ್ಮ ಯರಿ ಹೊಲ ಕರಿ. ಅದನ್ನು ಕಂಡ ಕೂಡಲೇ ‘ಕತ್ತಲಾಗಿದೆ’ ಎಂದುಕೊಂಡು ಬೆಳಕು ಏರಿಸುತ್ತದೆ. ಮಣ್ಣು ಬೂದಿ ಬಳಿದಂತಾಗುತ್ತದೆ, ಆಕಾಶ ಹಾಳೆಯಂತೆ ಬೆಳ್ಳಗಾಗುತ್ತದೆ, ರೈತನ ರುಮಾಲು ಧೋತರ ಎರಡೂ ಸುಟ್ಟು ಗುರುತೇ ಸಿಗುವುದಿಲ್ಲ. ಪರದೆಯ ಮೇಲೆ ಬೆಳ್ಳಗಿನ ವಸ್ತುವನ್ನು ಒತ್ತಿ ಹಿಡಿಯಿರಿ, ಲಾಕ್ ಎಂದು ತೋರಿಸಿದ ಮೇಲೆ ಬೆಳಕಿನ ಗುರುತನ್ನು ತುಸು ಕೆಳಗೆ ಎಳೆಯಿರಿ. ಮಣ್ಣು ಕರಿಯಾಗಿಯೇ ಉಳಿಯುತ್ತದೆ. ಮಳೆ ಬಂದು ಹೋದ ಮರುದಿನದ ಇಳಿಹೊತ್ತಿನ ಯರಿಯಷ್ಟು ಚಂದದ ಹಿನ್ನೆಲೆ ಯಾವ ಸ್ಟುಡಿಯೊದಲ್ಲೂ ಇಲ್ಲ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕ್ಯಾಮೆರಾ ತೆಗೆಯಬೇಡಿ, ಹೊಲದವರೂ ಆಗ ಬುತ್ತಿ ಬಿಚ್ಚಿ ಗಿಡದ ನೆರಳಿಗೆ ಹೋಗಿರುತ್ತಾರೆ.

ಮನೆಯೊಳಗೆ, ಗುಡಿಯೊಳಗೆ ಟ್ಯೂಬ್‌ಲೈಟ್ ಕೆಳಗೆ ತೆಗೆದಾಗ ಚಿತ್ರದ ಮೇಲೆ ಪಟ್ಟಿ ಓಡುತ್ತದಲ್ಲ, ಅದಕ್ಕೂ ಕಾರಣವಿದೆ. ನಮ್ಮ ಕರೆಂಟು 50 ಹರ್ಟ್ಸ್. ಫೋನು ಸೆಕೆಂಡಿಗೆ 30 ಚಿತ್ರ ತೆಗೆಯಲು ಹೊರಟರೆ ಎರಡರ ತಾಳ ಕೂಡುವುದಿಲ್ಲ. ಪ್ರೊ ಮೋಡ್ ಇದ್ದರೆ ಶಟರ್ ಅನ್ನು ಐವತ್ತರಲ್ಲೊಂದು ಅಥವಾ ನೂರರಲ್ಲೊಂದು ಸೆಕೆಂಡಿಗೆ ನಿಲ್ಲಿಸಿ. 25 ಚಿತ್ರದ ಆಯ್ಕೆ ಇದ್ದರೆ ಇನ್ನೂ ಒಳ್ಳೆಯದು.

6. ಕಿವಿಗೆ ಖರ್ಚು ಮಾಡಿ

ಕ್ಯಾಮೆರಾಕ್ಕೆ ಹಾಕಬೇಕೆಂದಿರುವ ದುಡ್ಡಿನಲ್ಲಿ ಒಂದು ಪಾಲನ್ನು ಮೈಕಿಗೆ ಹಾಕಿ. ಮಸುಕಾದ ಚಿತ್ರವನ್ನು ಜನ ಸಹಿಸುತ್ತಾರೆ, ಕೇಳದ ಮಾತನ್ನು ಸಹಿಸುವುದಿಲ್ಲ. ನಮ್ಮ ಬಯಲಿನ ಆಷಾಢದ ಗಾಳಿಗೆ ಫೋನಿನ ಮೈಕು ಬುರಬುರ ಎನ್ನುವುದನ್ನು ಬಿಟ್ಟು ಬೇರೇನನ್ನೂ ಹಿಡಿಯದು. ಬೋಯಾದಂಥ ವೈರಿನ ಕಾಲರ್ ಮೈಕು ಸಾಕು. ಅದನ್ನು ಕಾಲರಿಗೆ ಸಿಕ್ಕಿಸದೆ ಅಂಗಿಯ ಒಳಗೆ, ಎದೆಯ ಹತ್ತಿರ ಬಟ್ಟೆಗೆ ಅಂಟಿಸಿದರೆ ಗಾಳಿ ತಾಗದು. ರುಮಾಲಿನ ಮಡಿಕೆಯಲ್ಲಿ ಅಡಗಿಸಿದರೂ ನಡೆಯುತ್ತದೆ, ಅಜ್ಜಂದಿರು ಅದನ್ನು ಮರೆತು ಚೆನ್ನಾಗಿ ಮಾತಾಡುತ್ತಾರೆ.

ಮಾತು ಮುಗಿದ ಮೇಲೆ ಅಲ್ಲೇ ಅರ್ಧ ನಿಮಿಷ ಸುಮ್ಮನೆ ನಿಂತು ಬರೀ ಸದ್ದು ತುಂಬಿಕೊಳ್ಳಿ: ಎತ್ತಿನ ಕೊರಳ ಗಂಟೆ, ಪಂಪ್‌ಸೆಟ್, ದೂರದ ಮೈಕಿನ ಭಜನೆ. ಜೋಡಿಸುವಾಗ ಎರಡು ತುಣುಕಿನ ನಡುವಿನ ಬಿರುಕು ಮುಚ್ಚಲು ಅದೇ ಬೇಕಾಗುತ್ತದೆ.

7. ಹಾಡು ಹಾಕುವ ಮುನ್ನ

ಲಗ್ನದ ಪೆನ್‌ಡ್ರೈವಿಗೆ ಯಾವ ಹಾಡು ಹಾಕಿದರೂ ಕೇಳುವವರಿರಲಿಲ್ಲ. ಯೂಟ್ಯೂಬ್ ಕೇಳುತ್ತದೆ. ಅದರ ಕಂಟೆಂಟ್ ಐಡಿ ಹಾಡನ್ನು ತಾನೇ ಗುರುತಿಸಿ, ವಿಡಿಯೊದ ಹಣವನ್ನು ಹಕ್ಕುದಾರರಿಗೆ ತಿರುಗಿಸುತ್ತದೆ, ಕೆಲವೊಮ್ಮೆ ವಿಡಿಯೊವನ್ನೇ ತಡೆಯುತ್ತದೆ.

‘ಇದು ಜನಪದ ಹಾಡ್ರಿ, ಇದಕ್ಯಾರ ಹಕ್ಕು?’ ಎಂದು ಹುಡುಗರು ಕೇಳುತ್ತಾರೆ. ಹಾಡು ಎಲ್ಲರದು, ಹೌದು. ಅದನ್ನು ಯಾರೋ ಹಾಡಿ, ಯಾವುದೋ ಕಂಪನಿ ಧ್ವನಿಮುದ್ರಿಸಿದ್ದರೆ ಆ ಮುದ್ರಣಕ್ಕೆ ಒಡೆಯರಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರಕಟವಾದ ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತದೆ. ಈ ಲೆಕ್ಕದಲ್ಲಿ ಗಂಗೂಬಾಯಿಯವರು ಎಚ್‌ಎಂವಿಗೆ 1930ರ ದಶಕದಲ್ಲಿ ಹಾಡಿದ ತಟ್ಟೆಗಳ ಹಕ್ಕು ಎಂದೋ ಮುಗಿದಿದೆ. 1952ರಲ್ಲಿ ತೀರಿಕೊಂಡ ಸವಾಯಿ ಗಂಧರ್ವರ ಕಾಲದ ತಟ್ಟೆಗಳಿಗೂ ಅದೇ ಲೆಕ್ಕ. ಆದರೂ ಯಂತ್ರ ಕೆಲವು ಸಲ ತಡೆಯಬಹುದು, ಆಗ ಕಾರಣ ಬರೆದು ತಕರಾರು ಸಲ್ಲಿಸಬೇಕು. ಅದರ ಗೊಡವೆ ಬೇಡ ಎನ್ನುವವರಿಗೆ ಯೂಟ್ಯೂಬಿನದೇ ಆಡಿಯೊ ಲೈಬ್ರರಿ ಇದೆ.

ನನ್ನ ಕೇಳಿದರೆ, ಓಣಿಯಲ್ಲಿ ಡೊಳ್ಳು ಬಾರಿಸುವವರು, ಸೋಬಾನೆ ಹೇಳುವವರು, ಭಜನಿ ಮೇಳದವರು ಇರುವಾಗ ಯಾವ ಲೈಬ್ರರಿಯೂ ಬೇಡ. ಕೂರಿಸಿ ಹಾಡಿಸಿ, ಒಪ್ಪಿಗೆಯ ಮಾತನ್ನು ಕ್ಯಾಮೆರಾ ಎದುರೇ ಹೇಳಿಸಿಕೊಳ್ಳಿ, ಹೆಸರು ಹಾಕಿ, ಕೈಗೆ ಏನಾದರೂ ಕೊಡಿ. ಬರೀ ಚಹಾ ಕುಡಿಸಿ ಕಳಿಸುವುದು ಸಾಲದು.

8. ಅಕ್ಷರದ ಕಾಟ

ಸ್ಟುಡಿಯೊದವರ ಹತ್ತಿರ ಹಳೆಯ ನುಡಿ, ಬರಹ ಫೈಲುಗಳು ರಾಶಿ ಇರುತ್ತವೆ. ಅವುಗಳಿಂದ ನಕಲು ಮಾಡಿ ಫೋನಿನ ಆ್ಯಪಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರದ ಕಸ ಬೀಳುತ್ತದೆ, ಏಕೆಂದರೆ ಅವು ಯುನಿಕೋಡ್ ಅಲ್ಲ. ಮೊದಲು ಪರಿವರ್ತಿಸಿಕೊಳ್ಳಿ, ಅಥವಾ ಫೋನಿನಲ್ಲೇ ಹೊಸದಾಗಿ ಟೈಪ್ ಮಾಡಿ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ಬೆಣ್ಣೆ ಎಂಬ ಅಕ್ಷರಗಳು ಬಿಟ್ಟಿ ಸಿಗುತ್ತವೆ. ‘ಹುಬ್ಬಳ್ಳಿ’ ಎಂಬ ಹೆಸರಿನದೇ ಒಂದಿದೆ. ನಮ್ಮ ಕಡೆಯ ವಿಡಿಯೊಕ್ಕೆ ಅದಕ್ಕಿಂತ ಏನು ಬೇಕು! ಅಡೋಬಿ ಪ್ರೀಮಿಯರಿನಲ್ಲಿ ಒತ್ತಕ್ಷರ ಒಡೆದು ಬಿದ್ದರೆ ಸೆಟ್ಟಿಂಗ್ಸ್‌ನಲ್ಲಿ ದಕ್ಷಿಣ ಏಷ್ಯಾದ ಪಠ್ಯ ಎಂಜಿನ್ ಆರಿಸಬೇಕು. ಬೇರೆ ಆ್ಯಪಿನಲ್ಲಿ ಒಡೆದರೆ ತಲೆಬರಹವನ್ನು ಚಿತ್ರವಾಗಿ ಮಾಡಿ ಮೇಲೆ ಕೂರಿಸಿ. ಮೊದಲ ಪರದೆಯಲ್ಲೇ ಊರಿನ ಹೆಸರು ತಪ್ಪಾಗಿ ಬಂದರೆ ಊರವರು ಕೊನೆತನಕ ಅದನ್ನೇ ಆಡುತ್ತಾರೆ.

9. ಕೇಳಿ ತೆಗೆಯಿರಿ, ತೋರಿಸಿ ಹಾಕಿರಿ

ಲಗ್ನದಲ್ಲಿ ಎಲ್ಲರೂ ಕ್ಯಾಮೆರಾಕ್ಕೆ ತಯಾರಾಗಿ ಬಂದಿರುತ್ತಾರೆ. ಹೊಲದಲ್ಲಿ ಕೆಲಸದ ಸೀರೆ, ಮೇಲೊಂದು ಹಳೆಯ ಅಂಗಿ, ತಲೆಗೆ ಸುತ್ತಿದ ಅರಿವೆ. ಮೆಣಸಿನಕಾಯಿ ಹರಿಯುವ ಒಬ್ಬ ಅವ್ವನ ಹತ್ತಿರ ಹೋಗಿ ಕೇಳಿದಾಗ ಬಂದ ಉತ್ತರ ಇದು:

‘ಲಗ್ನದಾಗ ಚಂದ ಸೀರಿ ಉಟ್ಟಾಗ ಬರಂಗಿಲ್ಲ ನೀ, ಈಗ ಬಂದೀ ಏನಪಾ?’

‘ಹಂಗಲ್ಲ ಯವ್ವಾ, ಕೈ ಅಷ್ಟ ತಗೀತೀನಿ.’

‘ಕೈ ಅಷ್ಟಾದ್ರ ತಗೀ. ಮಾರಿ ಬಂದ್ರ ನಮ್ಮ ಮಗಾ ಹುಬ್ಬಳ್ಳಿಯಿಂದ ಫೋನ್ ಹಚ್ಚತಾನ ನೋಡು.’

ಕೈಯನ್ನಷ್ಟೇ ತೆಗೆದೆ. ಜೋಡಿಸಿದ ಮೇಲೆ ಒಯ್ದು ತೋರಿಸಿದರೆ ನಾಲ್ಕು ಸಲ ನೋಡಿ, ಮಾರಿಯನ್ನೂ ತೆಗೆ ಎಂದರು. ಮೊದಲೇ ಕದ್ದು ತೆಗೆದಿದ್ದರೆ ಆ ಹೊಲದ ಬದುವಿಗೂ ಬಿಡುತ್ತಿರಲಿಲ್ಲ. ಮಕ್ಕಳಿದ್ದರೆ ತಂದೆ ತಾಯಿಯ ಒಪ್ಪಿಗೆ ಬೇಕು. ಗುಡಿ, ದರ್ಗಾ, ಮೊಹರಮ್ಮಿನ ಅಲಾಯಿ ಹೆಜ್ಜೆಯಲ್ಲಿ ಹಿರಿಯರನ್ನು ಹಿಂದಿನ ದಿನವೇ ಕೇಳಿಟ್ಟರೆ ಅವರೇ ನಿಮಗೆ ಜಾಗ ಮಾಡಿಕೊಡುತ್ತಾರೆ.

10. ರೈಲು ಹಳಿ ಬೇಡ

ಊರಲ್ಲಿ ಸ್ಟೇಷನ್ ಇದೆಯೆಂದು ಹಳಿಯ ಮೇಲೆ ನಡೆಯುವ ರೀಲು ಮಾಡುವುದು ಒಂದು ಚಟವಾಗಿದೆ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸೆರೆ, 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜೀವದ ಮಾತು ಬೇರೆಯೇ ಇದೆ. ಕಾನೂನಿನ ಮಾತು ಬಂದದ್ದಕ್ಕೆ ಇನ್ನೊಂದು: ಡ್ರೋನ್ ಕೊಳ್ಳುವವರು 2021ರ ಡ್ರೋನ್ ನಿಯಮಗಳನ್ನು ಓದಿಕೊಂಡೇ ಕೊಳ್ಳಿ. 250 ಗ್ರಾಂ ದಾಟಿದರೆ ಲೆಕ್ಕ ಬದಲಾಗುತ್ತದೆ.

11. ಅಸಲು ನಿಮ್ಮ ಹತ್ತಿರವೇ ಇರಲಿ

2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್ ಹೋಯಿತು. ವಿವಾವಿಡಿಯೊ ಹೋಯಿತು. ಸ್ಟುಡಿಯೊದವರು ಫೈಲು ದಾಟಿಸುತ್ತಿದ್ದ ಶೇರ್‌ಇಟ್, ಝೆಂಡರ್ ಎರಡೂ ಹೋದವು, ದಾಖಲೆ ಸ್ಕ್ಯಾನ್ ಮಾಡುತ್ತಿದ್ದ ಕ್ಯಾಮ್‌ಸ್ಕ್ಯಾನರ್ ಕೂಡ. ನಮ್ಮ ಕಡೆಯ ಎಷ್ಟೋ ಹುಡುಗರ ವಿಡಿಯೊಗಳು ಟಿಕ್‌ಟಾಕಿನಲ್ಲೇ ಹುಟ್ಟಿ ಅಲ್ಲೇ ಇದ್ದವು. ಫೋನಿನಲ್ಲಿ ಪ್ರತಿ ಇರಲಿಲ್ಲ. ಮುಂದಿನ ತಿಂಗಳೇ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಶಾರ್ಟ್ಸ್ ಬಂತು. ಅಸಲು ಇಟ್ಟುಕೊಂಡವರು ಹೊಸ ಮನೆಗೆ ಗಂಟು ಸಮೇತ ಹೋದರು, ಉಳಿದವರು ಬರಿಗೈಯಲ್ಲಿ ಹೋದರು.

ಆದ್ದರಿಂದ ತೆಗೆದ ತುಣುಕುಗಳಿಗೆ ಮೂರು ಪ್ರತಿ: ಫೋನು ಅಥವಾ ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಒಂದು, ಬೇರೆ ಜಾಗದಲ್ಲಿ ಒಂದು. ಗೂಗಲ್ ಬಿಟ್ಟಿ ಕೊಡುವ 15 ಜಿಬಿಯಲ್ಲಿ ಮೇಲ್, ಫೋಟೊ, ಡ್ರೈವ್ ಎಲ್ಲ ಸೇರಿವೆ. ಸಾಮಾನ್ಯ ಎಚ್‌ಡಿ ವಿಡಿಯೊ ನಿಮಿಷಕ್ಕೆ ನೂರು ಎಂಬಿಗೂ ಹೆಚ್ಚು ತಿನ್ನುವುದರಿಂದ ಅಲ್ಲಿ ಮುಗಿಸಿದ ವಿಡಿಯೊಗಳನ್ನಷ್ಟೇ ಇಡಿ. ಹತ್ತಿರದವರಿಗೆ ಫೈಲು ಕೊಡಲು ಈಗ ಕ್ವಿಕ್ ಶೇರ್ ಇದೆ. ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಾದರೆ ವಿಡಿಯೊವಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ; 2 ಜಿಬಿವರೆಗೆ ಗುಣ ಕೆಡದೆ ಹೋಗುತ್ತದೆ.

12. ದುಡ್ಡಿನ ಮಾತು

ಯೂಟ್ಯೂಬಿನ ಜಾಹೀರಾತಿನ ಪಾಲು ಬರಬೇಕಾದರೆ 1000 ಚಂದಾದಾರರು ಬೇಕು, ಜೊತೆಗೆ ವರ್ಷದಲ್ಲಿ 4000 ತಾಸು ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ. ಹಳ್ಳಿಯ ನಿಧಾನದ ವಿಡಿಯೊಗೆ ಇದು ಬೇಗ ಕೂಡುವ ಲೆಕ್ಕವಲ್ಲ. ಲಗ್ನದ ಕೆಲಸ ಬಿಡಬೇಡಿ. ಅದು ಅಕ್ಕಿ ಬೇಳೆ ತರುತ್ತದೆ.

13. ಟ್ರಂಕಿನಲ್ಲಿರುವ ಕ್ಯಾಸೆಟ್ಟುಗಳು

ಮರಳುವವರಿಗೆ ಹೊಸ ವಿಷಯ ಬೇಡ ಎನಿಸುವಷ್ಟು ಹಳೆಯ ವಿಷಯ ನಮ್ಮ ಮನೆಗಳ ಟ್ರಂಕುಗಳಲ್ಲೇ ಇದೆ. ಹಳೆಯ ಲಗ್ನಗಳ ವಿಎಚ್‌ಎಸ್, ಮಿನಿ ಡಿವಿ ಕ್ಯಾಸೆಟ್ಟುಗಳು. ಬೀಗರ ಪಂಕ್ತಿಯ ಹಿಂದೆ, ನಾವು ಆಗ ಲೆಕ್ಕಕ್ಕೇ ತೆಗೆದುಕೊಳ್ಳದ ಹಂದರ, ಮಣ್ಣಿನ ಮಾಳಿಗೆ, ಚಕ್ಕಡಿ, ಸೋಬಾನೆ ಹೇಳುವ ಅಜ್ಜಿಯರು ಅದರಲ್ಲಿದ್ದಾರೆ. ಹೊಸದಾಗಿ ತೆಗೆದ ಅದೇ ಓಣಿಯ ಪಕ್ಕ ಹಳೆಯದನ್ನು ಜೋಡಿಸಿದರೆ ವಿಡಿಯೊ ತಾನಾಗಿ ನಿಲ್ಲುತ್ತದೆ, ಹಿನ್ನೆಲೆ ಮಾತೂ ಬೇಕಾಗುವುದಿಲ್ಲ.

ಆದರೆ ಟೇಪು ಕಾಯುವುದಿಲ್ಲ. ಮಳೆಗಾಲದ ತೇವಕ್ಕೆ ಅದರ ಮೇಲೆ ಬೆಳ್ಳಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಂಡ ಕ್ಯಾಸೆಟ್ಟನ್ನು ಹಾಗೇ ಹಾಕಿ ಓಡಿಸಬೇಡಿ. ಹೆಡ್ ಕೆಡುತ್ತದೆ, ಮುಂದೆ ಹಾಕುವ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಮಿನಿ ಡಿವಿಯ ಬೆನ್ನಿನ ಗುಂಡಿಯನ್ನು ‘ಸೇವ್’ ಕಡೆಗೆ ಸರಿಸಿದ ಮೇಲೆಯೇ ಕ್ಯಾಮೆರಾದೊಳಗೆ ಇಡಿ, ಇಲ್ಲದಿದ್ದರೆ ಕೈತಪ್ಪಿ ಮೇಲೆ ರೆಕಾರ್ಡ್ ಆದೀತು. ಅದನ್ನು ಕಂಪ್ಯೂಟರಿಗೆ ಇಳಿಸಲು ಫೈರ್‌ವೈರ್ ಕಿಂಡಿ ಬೇಕು, ಹೊಸ ಲ್ಯಾಪ್‌ಟಾಪುಗಳಲ್ಲಿ ಆ ಕಿಂಡಿಯೇ ಇಲ್ಲ. ಓಡುವ ಕ್ಯಾಮೆರಾ, ವಿಸಿಆರ್ ಎರಡೂ ವರ್ಷದಿಂದ ವರ್ಷಕ್ಕೆ ಗುಜರಿಗೆ ಹೋಗುತ್ತಿವೆ. ಹಳೆಯ ಸ್ಟುಡಿಯೊದವರೇ, ನಿಮ್ಮ ಹಳೆಯ ಕಂಪ್ಯೂಟರನ್ನೂ ಎಂಡಿ ಕ್ಯಾಮೆರಾವನ್ನೂ ಇನ್ನೆರಡು ವರ್ಷ ಮಾರಬೇಡಿ. ಮನೆಯವರೇ, ಟ್ರಂಕು ತೆರೆದು ನೋಡಿ, ಕ್ಯಾಸೆಟ್ ಇದ್ದರೆ ಮುಂದಿನ ಮಳೆಗಾಲಕ್ಕೆ ಮೊದಲು ಹತ್ತಿರದ ಸ್ಟುಡಿಯೊಕ್ಕೆ ಒಯ್ದು ಇಳಿಸಿಕೊಳ್ಳಿ. ಎಲ್ಲದಕ್ಕೂ ದುಡ್ಡು ಕೂಡದಿದ್ದರೆ ಅಜ್ಜ ಅಜ್ಜಿ ಮಾತಾಡಿದ, ಹಾಡಿದ ಕ್ಯಾಸೆಟ್ಟನ್ನು ಮೊದಲು ತನ್ನಿರಿ. ಊಟದ ಪಂಕ್ತಿಯನ್ನು ಆಮೇಲೆ ನೋಡೋಣ.